ಡೆಟ್ರಾಯಿಟ್‌ನ ಹೇಸ್ಟಿಂಗ್ಸ್ ಸ್ಟ್ರೀಟ್ ನೆನಪುಗಳು: ಅಜ್ಜಿಯ ಹತ್ತಿರ ಏನೇನು ಕೇಳಲಿ?

ಪ್ರಶ್ನೆ:
ಡೆಟ್ರಾಯಿಟ್ ಕಡೆ ಇರುವವರು ಸ್ವಲ್ಪ ಹೇಳಿ. ನನ್ನ ಸಹೋದ್ಯೋಗಿಯ ಅಜ್ಜಿ ಬ್ಲ್ಯಾಕ್ ಬಾಟಮ್‌ನಲ್ಲಿ ಹುಟ್ಟಿ ಬೆಳೆದವರು. ಕಪ್ಪು ಜನರ ಆ ಕೇರಿಯನ್ನು 1950ರ ದಶಕದಲ್ಲಿ ಕೆಡವಿದರು, ಅಲ್ಲಿನ ಹೇಸ್ಟಿಂಗ್ಸ್ ಸ್ಟ್ರೀಟ್ ಮೇಲೇ ನಾವೆಲ್ಲ ಓಡಾಡುವ ಐ-375 ಹೆದ್ದಾರಿ ಬಂತು. ರೆಕಾರ್ಡ್ ಮಾಡಿಕೊಳ್ಳಲು ಅಜ್ಜಿ ಒಪ್ಪಿದ್ದಾರೆ. ಬರೀ ಕಷ್ಟದ ಕಥೆ ಕೇಳಿ ಬರಲು ನನಗೆ ಇಷ್ಟವಿಲ್ಲ. ಅವರ ಹಾಡು, ಆಟ, ರಜೆ, ಎಲ್ಲ ಬೇಕು. ಹೇಗೆ ಶುರು ಮಾಡಲಿ?

ಉತ್ತರ 1:
ಬರಿಗೈಲಿ ಹೋಗಬೇಡಿ. ಕೆಡವುವ ಮೊದಲು, 1949-50ರಲ್ಲಿ, ಅಲ್ಲಿನ ಮನೆಗಳ ಫೋಟೋ ತೆಗೆದಿದ್ದರು. ಡೆಟ್ರಾಯಿಟ್ ಪಬ್ಲಿಕ್ ಲೈಬ್ರರಿಯ ಬರ್ಟನ್ ಸಂಗ್ರಹದಲ್ಲಿ ಅವು ಇವೆ. ಅವರ ಬೀದಿಯದ್ದು ಸಿಕ್ಕರೆ ಪ್ರಿಂಟ್ ಹಾಕಿಸಿ ಕೈಗೆ ಕೊಡಿ, ಆಮೇಲೆ ಸುಮ್ನೆ ಕೂತು ಕೇಳಿ. "ಆಗಿನ ಜೀವನ ಹೇಗಿತ್ತು" ಅಂದರೆ ಎರಡೇ ಮಾತಿಗೆ ಮುಗಿಯುತ್ತದೆ. ಶನಿವಾರ ಸಂಜೆ ಯಾರ ಜೊತೆ ಎಲ್ಲಿಗೆ ಹೋಗುತ್ತಿದ್ದಿರಿ, ಏನು ಉಟ್ಟುಕೊಂಡು, ಮನೆಗೆ ಎಷ್ಟೊತ್ತಿಗೆ ವಾಪಸ್ ಬರಬೇಕಿತ್ತು, ಹೀಗೆ ಕೇಳಿ. ಫಾರೆಸ್ಟ್ ಕ್ಲಬ್ ಹೆಸರು ಎತ್ತಿ ನೋಡಿ. ಬಾರು, ಬೌಲಿಂಗು, ಸ್ಕೇಟಿಂಗು ಎಲ್ಲ ಅಲ್ಲೇ ಇತ್ತು.

ಉತ್ತರ 2:
ಸಂಗೀತದ ಬಗ್ಗೆ ಕೇಳುವಾಗ ಜೋ ವಾನ್ ಬ್ಯಾಟಲ್ ಅವರ ರೆಕಾರ್ಡ್ ಅಂಗಡಿಯನ್ನು ಮರೆಯಬೇಡಿ. ಹೇಸ್ಟಿಂಗ್ಸ್ ಸ್ಟ್ರೀಟ್‌ನಲ್ಲೇ ಇತ್ತು. ಮುಂದೆ ಮಾರಾಟ, ಹಿಂದೆ ರೆಕಾರ್ಡಿಂಗ್. ನ್ಯೂ ಬೆಥೆಲ್ ಚರ್ಚಿನ ಪಾದ್ರಿ ಸಿ. ಎಲ್. ಫ್ರಾಂಕ್ಲಿನ್ ಅವರ ಪ್ರವಚನಗಳನ್ನು ರೆಕಾರ್ಡ್ ಮಾಡಿ ಮಾರಿದವರು ಅವರೇ, ಪಾದ್ರಿಯ ಮಗಳು, ಮುಂದೆ ದೊಡ್ಡ ಗಾಯಕಿಯಾದ ಅರೀತಾ, ಇನ್ನೂ ಹದಿಹರೆಯದವಳಾಗಿದ್ದಾಗ ಹಾಡಿದ ಭಕ್ತಿಗೀತೆಗಳನ್ನೂ ಮೊದಲು ರೆಕಾರ್ಡ್ ಮಾಡಿದರು. ಪೇಪರಿನವರು ಕೊಳೆಗೇರಿ ಎಂದು ಬರೆದ ಜಾಗದಲ್ಲಿ ಇಷ್ಟೆಲ್ಲ ನಡೆದಿದೆ, ಅದಕ್ಕೇ ಇಂಥವರ ಮಾತು ದಾಖಲಾಗಬೇಕು.

ಅಜ್ಜಿಗೆ ಓಡಾಡಲು ಆಗುವುದಾದರೆ ವುಡ್‌ವರ್ಡ್ ಅವೆನ್ಯೂನ ಆರ್ಕೆಸ್ಟ್ರಾ ಹಾಲ್‌ಗೆ ಕರೆದುಕೊಂಡು ಹೋಗಿ. 1941ರಿಂದ 1951ರವರೆಗೆ ಅದು ಪ್ಯಾರಡೈಸ್ ಥಿಯೇಟರ್ ಆಗಿತ್ತು, ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅಲ್ಲಿ ನುಡಿಸಿದ್ದಾರೆ. ಆ ಕಟ್ಟಡ ಇನ್ನೂ ಇದೆ.

ಉತ್ತರ 3:
ಬೇಸಿಗೆ ರಜೆ ಬಗ್ಗೆ ಕೇಳಲೇಬೇಕು. ಬೇರೆ ರೆಸಾರ್ಟ್‌ಗಳು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಡೆಟ್ರಾಯಿಟ್, ಶಿಕಾಗೋದಿಂದ ಎಷ್ಟೋ ಕುಟುಂಬಗಳು ಐಡಲ್‌ವೈಲ್ಡ್‌ಗೆ ಹೋಗುತ್ತಿದ್ದವು. ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯದಲ್ಲೇ ಕೆರೆ ಪಕ್ಕದ ಊರು ಅದು, 1912ರಲ್ಲಿ ಶುರುವಾಯಿತು. ಹಗಲು ಈಜು, ರಾತ್ರಿ ಕ್ಲಬ್ಬಿನಲ್ಲಿ ಫೋರ್ ಟಾಪ್ಸ್, ಡೆಲ್ಲಾ ರೀಸ್ ಅಂಥವರ ಹಾಡು. ಇಂಥ ಭೇದಭಾವ ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾನೂನು ಬಂದ ಮೇಲೆ ಎಲ್ಲ ಕಡೆ ಬಾಗಿಲು ತೆರೆಯಿತು, ಅಲ್ಲಿಗೆ ಬರುವವರು ಕಮ್ಮಿಯಾದರು.

ಇನ್ನೊಂದು, ರೆಕಾರ್ಡಿಂಗ್‌ನ ಮೊದಲ ಪ್ರತಿ ಆ ಕುಟುಂಬಕ್ಕೆ ಕೊಡಿ. ಬ್ಲ್ಯಾಕ್ ಬಾಟಮ್ ಆರ್ಕೈವ್ಸ್‌ನವರು ಇಂಥ ನೆನಪುಗಳನ್ನೇ ಸಂಗ್ರಹಿಸುತ್ತಾರೆ, ಆದರೆ ಅಲ್ಲಿಗೆ ಕೊಡುವುದೋ ಬೇಡವೋ ಎನ್ನುವುದನ್ನು ಅಜ್ಜಿಯೇ ಹೇಳಲಿ.