ಸಹಾಯ ಬೇಕು: ನಾಲ್ಕು ಸಾಮಾನಿಗೆ ಒಂದೇ ಚಾರ್ಜರ್ ಸಾಕಾಗುತ್ತಾ?

ಮುಂದಿನ ವಾರ ಅಪ್ಪ ಅಮ್ಮನ ಜೊತೆ ಕಾಶಿಗೆ ರೈಲಿನಲ್ಲಿ ಹೊರಟಿದ್ದೇನೆ. ರಜೆ ಸಿಗಲಿಲ್ಲ, ಹಾಗಾಗಿ ಆಫೀಸಿನ ಲ್ಯಾಪ್‌ಟಾಪ್ ಕೂಡ ಬರುತ್ತಿದೆ. ಅದು, ಎರಡು ಫೋನು, ಅಪ್ಪನ ಕಿವಿ ಮಷೀನಿನ ಡಬ್ಬಿ. ನಾಲ್ಕೂ ಟೈಪ್ ಸಿ. ಒಂದೇ ಚಾರ್ಜರ್ ಸಾಕು ಅಂತ 65 ವ್ಯಾಟ್‌ನ ಗ್ಯಾನ್ ಚಾರ್ಜರ್ (ಚಿಕ್ಕದಾಗಿದ್ದೂ ಹೆಚ್ಚು ಪವರ್ ಕೊಡುವ ಬಗೆಯದು) ತಂದೆ. ಎರಡು ಸಿ ಪೋರ್ಟ್, ಒಂದು ಹಳೇ ಚಪ್ಪಟೆ ಎ ಪೋರ್ಟ್.

ಲ್ಯಾಪ್‌ಟಾಪ್ ಒಂದನ್ನೇ ಚುಚ್ಚಿದರೆ ಚೆನ್ನಾಗಿದೆ. ಪಕ್ಕದಲ್ಲಿ ಫೋನ್ ಹಾಕಿದ ತಕ್ಷಣ ಒಂದು ಸೆಕೆಂಡ್ ಚಾರ್ಜಿಂಗ್ ನಿಂತು, 'ಸ್ಲೋ ಚಾರ್ಜರ್' ಅಂತ ಮೆಸೇಜ್ ಬರುತ್ತದೆ. ಪೆಟ್ಟಿಗೆಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ '45+20' ಅಂತ ಬರೆದಿದ್ದಾರೆ, ಅಂದರೆ ಎರಡು ಚುಚ್ಚಿದರೆ ಒಂದಕ್ಕೆ 45, ಇನ್ನೊಂದಕ್ಕೆ 20 ವ್ಯಾಟ್. ಅಂಗಡಿಯವನು ಇದನ್ನು ಹೇಳಲೇ ಇಲ್ಲ. ಹೋಗಲಿ, ಲ್ಯಾಪ್‌ಟಾಪ್ ನಿಧಾನಕ್ಕೆ ತುಂಬಲಿ.

ನಿಜವಾದ ತಲೆನೋವು ಕಿವಿ ಮಷೀನಿನ ಡಬ್ಬಿ. ಎರಡೂ ಕಡೆ ಸಿ ಇರುವ ಕೇಬಲ್ ಹಾಕಿದರೆ ದೀಪವೇ ಹತ್ತುವುದಿಲ್ಲ. ಮೂರು ಕೇಬಲ್ ಬದಲಾಯಿಸಿದೆ, ತಿರುಗಿಸಿ ಹಾಕಿದೆ, ಫೋನಿನ ಚಾರ್ಜರ್‌ನಲ್ಲೂ ನೋಡಿದೆ. ಊಹೂಂ. ಅದೇ ಎ ಪೋರ್ಟಿಗೆ ಹಳೇ ಕೇಬಲ್ ಹಾಕಿದರೆ ಹಸಿರು ದೀಪ! ಅಪ್ಪ ಮಾತ್ರ 'ಹಳೇದೇ ತಗೊಂಡು ಹೋಗೋಣ' ಅಂತ ಕೂತಿದ್ದಾರೆ.

ಮೂರೇ ಪ್ರಶ್ನೆ. ಡಬ್ಬಿ ಸಿ ಪೋರ್ಟಿನಲ್ಲಿ ಚಾರ್ಜ್ ಆಗದಿರುವುದು ಡಬ್ಬಿಯ ದೋಷವೋ, ಚಾರ್ಜರ್‌ದೋ? ಎ ಪೋರ್ಟಿನಲ್ಲಿ ದಿನಾ ಹಾಕಿದರೆ ತೊಂದರೆ ಇಲ್ವಾ? ಮತ್ತೆ, ಇದನ್ನು ವಾಪಸ್ ಕೊಟ್ಟು 100 ವ್ಯಾಟ್‌ದು ತಂದರೆ, ನಾಲ್ಕೂ ಚುಚ್ಚಿದಾಗ ಲ್ಯಾಪ್‌ಟಾಪ್‌ಗೆ ಪೂರ್ತಿ 65 ಸಿಗುತ್ತಾ? ಬಳಸುತ್ತಿರುವವರು ಯಾವ ಮಾಡೆಲ್ ಅಂತ ತಿಳಿಸಿ. ವಾಪಸ್ ಕೊಡಲು ಶನಿವಾರದವರೆಗೆ ಮಾತ್ರ ಟೈಮ್ ಇದೆ.