ಮೇ ಎರಡನೇ ವಾರ ಆಲ್ಪ್ಸ್‌ನಲ್ಲಿ ನಡಿಗೆ: ಎಷ್ಟು ಎತ್ತರದವರೆಗೆ ಸರಿ?

ಹಾದಿಹೋಕ: ಮೇ ಎರಡನೇ ವಾರದಲ್ಲಿ ಏಳು ದಿನ ಬಿಡುವಿದೆ. ಒಂದು ಹಟ್‌ನಿಂದ (ಬೆಟ್ಟದ ಮೇಲಿನ ತಂಗುಮನೆ) ಇನ್ನೊಂದು ಹಟ್‌ಗೆ, 2,000 ಮೀಟರ್ ಆಸುಪಾಸಿನಲ್ಲಿ ನಡೆಯುವ ಯೋಚನೆ. ಹಿಮ ಎಷ್ಟಿರುತ್ತೆ? ಬೂಟಿನಡಿಗೆ ಹಾಕೋ ಸಣ್ಣ ಮುಳ್ಳುಗಳ ಮೈಕ್ರೋಸ್ಪೈಕ್ ಇದ್ದರೆ ಸಾಕಾ?

ಕಣಿವೆಗಾಲು: ಹಟ್ ಯೋಜನೆ ಕೈಬಿಡಿ. ಎತ್ತರದ ಹಟ್‌ಗಳಲ್ಲಿ ಹೆಚ್ಚಿನವು ಬಾಗಿಲು ತೆಗೆಯೋದೇ ಜೂನ್ ನಡುವಿನ ನಂತರ. ಚಳಿಗಾಲದ ಸ್ಕೀ ಮುಗಿದು ಬೇಸಿಗೆ ಶುರುವಾಗೋ ಮುಂಚಿನ ಈ ಅವಧಿಯಲ್ಲಿ ಎಷ್ಟೋ ಕೇಬಲ್ ಕಾರುಗಳೂ ದುರಸ್ತಿಗೆಂದು ನಿಂತಿರುತ್ತವೆ. ಕೇಬಲ್ ಕಾರಲ್ಲಿ ಇಳಿದುಬಿಡೋಣ ಅಂತ ಲೆಕ್ಕ ಹಾಕಿದವರು ಸಂಜೆ ಸಾವಿರ ಮೀಟರ್ ಕಾಲಲ್ಲೇ ಇಳಿಯಬೇಕಾಗುತ್ತದೆ.

ಎತ್ತರದ ಜೊತೆಗೆ ಇಳಿಜಾರು ಯಾವ ದಿಕ್ಕಿಗಿದೆ ಅಂತಲೂ ನೋಡಿ. ದಕ್ಷಿಣಕ್ಕೆ ಮುಖ ಮಾಡಿದ ಹಾದಿ 1,600 ಮೀಟರಿನಲ್ಲಿ ಒಣಗಿರುವಾಗ, ಎದುರು ಬದಿಯ ಉತ್ತರದ ಇಳಿಜಾರಿನಲ್ಲಿ 1,300ಕ್ಕೇ ಹಿಮ ಸಿಗಬಹುದು. ಆ ವರ್ಷದ ಹಿಮ ನೋಡಿಕೊಂಡು 1,500 ಒಳಗೆ ಯೋಜನೆ ಹಾಕಿ.

ಜಾಗ ಬೇಕಂದ್ರೆ ಇಟಲಿಯ ಮೆರಾನೋ. ಹಳೆಯ ನೀರಾವರಿ ಕಾಲುವೆಗಳ ದಂಡೆಯ ಹಾದಿಗಳಿಗೆ ಅಲ್ಲಿ ವಾಲ್‌ವೇಗ್ ಅಂತಾರೆ. ಪಕ್ಕದ ಊರು ಮಾರ್ಲಿಂಗ್‌ನದು ಸುಮಾರು 12 ಕಿಲೋಮೀಟರ್, ಹೆಚ್ಚು ಏರಿಳಿತವಿಲ್ಲ. ಸ್ವಿಟ್ಜರ್ಲೆಂಡೇ ಆಗಬೇಕಿದ್ದರೆ ಲೌಟರ್‌ಬ್ರುನ್ನೆನ್‌ನಿಂದ ಷ್ಟೆಖೆಲ್‌ಬೆರ್ಗ್‌ವರೆಗಿನ ಕಣಿವೆ ಹಾದಿ. ಹಿಮ ಕರಗುವ ಕಾಲವಾದ್ದರಿಂದ ಜಲಪಾತಗಳು ತುಂಬಿ ಸುರಿಯುತ್ತಿರುತ್ತವೆ.

ನಕ್ಷೆಹುಚ್ಚ: ಮೈಕ್ರೋಸ್ಪೈಕ್ ವಿಷಯ. ಸಮತಟ್ಟಾದ ಗಟ್ಟಿ ಹಿಮಕ್ಕೆ ಅದು ಸರಿ. ಕಡಿದಾದ ಇಳಿಜಾರಿಗೆ ಅಡ್ಡ ಬಿದ್ದಿರೋ ಹಳೇ ಹಿಮಕ್ಕೆ ಸಾಲದು. ಬೆಳಿಗ್ಗೆ ಅದು ಗಾಜಿನ ಹಾಗೆ ಗಟ್ಟಿ; ಜಾರಿದರೆ ಕೆಳಗಿನ ಬಂಡೆಯವರೆಗೂ ತಡೆಯಿಲ್ಲ. ಇಪ್ಪತ್ತೇ ಹೆಜ್ಜೆ ಅಲ್ವಾ ಅನ್ನಿಸೋ ತುಂಡೇ ಹೆಚ್ಚು ಅಪಾಯ. ಮಧ್ಯಾಹ್ನ ಮೆತ್ತಗಾಗಿ ಕಾಲು ತೊಡೆತನಕ ಹೂತುಹೋಗುತ್ತೆ, ಮೇಲಿನ ಇಳಿಜಾರಿಂದ ಒದ್ದೆ ಹಿಮ ಕುಸಿಯೋದೂ ಆಗಲೇ. ತೊರೆಯ ಮೇಲಿನ ಹಿಮದ ಸೇತುವೆ ಅಡಿಯಿಂದ ಕರಗಿ ಟೊಳ್ಳಾಗಿರುತ್ತೆ; ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ.

ಸ್ವಿಸ್ ಫಲಕಗಳಲ್ಲಿ ಬರೀ ಹಳದಿ ಇದ್ದರೆ ಸಾಮಾನ್ಯ ಹಾದಿ, ಬಿಳಿ-ಕೆಂಪು-ಬಿಳಿ ಇದ್ದರೆ ಬೆಟ್ಟದ ಹಾದಿ, ಬಿಳಿ-ನೀಲಿ-ಬಿಳಿ ಇದ್ದರೆ ಆಲ್ಪೈನ್, ಅಂದರೆ ಎಲ್ಲಕ್ಕಿಂತ ಕಠಿಣ ಹಾದಿ. ಮೇನಲ್ಲಿ ಹಳದಿಗೇ ಅಂಟಿಕೊಳ್ಳಿ. ಫಲಕದ ಮೇಲಿನ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ, ನೆನಪಿರಲಿ.

ಹಾದಿಹೋಕ: ಹಾಗಾದ್ರೆ ಮೆರಾನೋ. ಚೀಲಕ್ಕೆ ಏನೇನು?

ಕಣಿವೆಗಾಲು: ಮಳೆ ಜಾಕೆಟ್, ತೆಳು ಉಣ್ಣೆ ಟೋಪಿ, ಕೈಗವಸು (ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ಹೆಚ್ಚು ಇಳಿಯುತ್ತೆ), ತಂಪು ಕನ್ನಡಕ, ಒಂದೂವರೆ ಲೀಟರ್ ನೀರು. ಹುಲ್ಲಲ್ಲಿ ಉಣ್ಣಿ ಇರುತ್ತವೆ: ಉದ್ದ ಪ್ಯಾಂಟ್, ಸಂಜೆ ಮಂಡಿ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ, ಎಣ್ಣೆ ಹಚ್ಚಬೇಡಿ.

ನಕ್ಷೆಹುಚ್ಚ: ತುರ್ತಿಗೆ 112. ನಕ್ಷೆಯನ್ನ ಹೋಟೆಲಲ್ಲೇ ಫೋನಿಗೆ ಇಳಿಸಿಕೊಳ್ಳಿ, ಕಣಿವೆಯ ಮಡಿಕೆಗಳಲ್ಲಿ ಸಿಗ್ನಲ್ ನಂಬೋಹಾಗಿಲ್ಲ.