ಕೆಂಪು ಅಂಗಿ ಅಂದ್ರೆ ಕೋಪಾನಾ?

ಗುಂಪು: ರಂಗಶಾಲೆ ಹಳೇ ಬಳಗ

ರಘು: (ಫಾರ್ವರ್ಡ್) ಸಿನಿಮಾ ವಸ್ತ್ರವಿನ್ಯಾಸದ ಗುಟ್ಟು: ಕೆಂಪು – ಕೋಪ, ನೀಲಿ – ಶಾಂತಿ, ಹಳದಿ – ಅಸೂಯೆ, ಬಿಳಿ – ಪಾವಿತ್ರ್ಯ.

ರಘು: ಜೂನಿಯರ್‌ಗಳಿಗೆ ಕಳಿಸೋಣ ಅಂತ. ಸಿಂಪಲ್ಲಾಗಿದೆ.

ಶ್ರೀದೇವಿ: ಕಳಿಸಬೇಡಪ್ಪ. ಇದನ್ನ ನಂಬಿ ಬಟ್ಟೆ ತಂದ್ರೆ ಪಾತ್ರಗಳೆಲ್ಲ ಬೋರ್ಡು ನೇತಾಕ್ಕೊಂಡು ನಿಂತ ಹಾಗಿರುತ್ತೆ.

ರಘು: ಅಕ್ಕಾ, ಜಪಾನಿ ನಿರ್ದೇಶಕ ಕುರೋಸಾವಾ 'ರಾನ್' ಸಿನಿಮಾದಲ್ಲಿ (1985) ಮಾಡಿದ್ದೂ ಇದೇ ಅಲ್ವಾ? ದೊರೆಯ ಮೂರು ಗಂಡುಮಕ್ಕಳಿಗೆ ಮೂರು ಬಣ್ಣ. ಅದರ ವಸ್ತ್ರವಿನ್ಯಾಸಕ್ಕೆ ಎಮಿ ವಾಡಾಗೆ ಆಸ್ಕರ್ ಬಂತು.

ಶ್ರೀದೇವಿ: ಅದನ್ನೇ ಇನ್ನೊಂದ್ಸಲ ನೋಡು. ಟಾರೊ ಹಳದಿ, ಜಿರೊ ಕೆಂಪು, ಸಬುರೊ ನೀಲಿ. ಕುದುರೆ ಪಡೆ ದೂರದಿಂದ ನುಗ್ಗುವಾಗ ಯಾರ ಮುಖವೂ ಕಾಣಲ್ಲ, ಬಣ್ಣ ಇದ್ದದ್ದಕ್ಕೇ ಯಾರ ಸೈನ್ಯ ಅಂತ ಗೊತ್ತಾಗೋದು. ಜಿರೊ ಜನರ ಕೆಂಪು ಮೊದಲು ಗುರುತು. ಆಮೇಲೆ ಆ ಕೆಂಪಿಗೆ ಭಯ ಅಂಟಿಕೊಂಡಿದ್ದು ಅವರು ಮಾಡಿದ ಕೆಲಸದಿಂದ.

ನಾಗರಾಜ: ಹಾಗಾದ್ರೆ ಯಕ್ಷಗಾನ? ತಲೆಗೆ ಕಟ್ಟುವ ಕೇದಗೆ ಮುಂದಲೆ ಕಂಡ ಕೂಡ್ಲೆ ಪುಂಡುವೇಷ, ಅಂದ್ರೆ ತರುಣ ವೀರ, ಬಣ್ಣದ ವೇಷ ಬಂದ್ರೆ ರಾಕ್ಷಸ. ಬಾಯಿ ಬಿಡುವ ಮೊದ್ಲೇ ಗೊತ್ತುಂಟಲ್ಲ.

ಶ್ರೀದೇವಿ: ಅಲ್ಲಿ ಪ್ರೇಕ್ಷಕರಿಗೂ ಮೇಳಕ್ಕೂ ತಲೆತಲಾಂತರದ ಒಪ್ಪಂದ ಇದೆ ನಾಗಣ್ಣ. ಸಿನಿಮಾಗೆ ಅದಿಲ್ಲ. ಪ್ರತಿ ಚಿತ್ರವೂ ತನ್ನ ಒಪ್ಪಂದವನ್ನ ಮೊದಲ ಅರ್ಧ ಗಂಟೆಯಲ್ಲೇ ಕಟ್ಟಿಕೊಳ್ಳಬೇಕು.

ಸುಮಾ: 'ಗಾಂಧಿ' (1982) ನೋಡಿ. ವಸ್ತ್ರವಿನ್ಯಾಸ ಭಾನು ಅಥೈಯಾ, ಜಾನ್ ಮೊಲ್ಲೊ. ಸೂಟಿನಿಂದ ತುಂಡು ಪಂಚೆವರೆಗೆ. ಇತಿಹಾಸದಲ್ಲೂ ಗಾಂಧೀಜಿ 1915ರಲ್ಲಿ ಭಾರತಕ್ಕೆ ವಾಪಸ್ ಬಂದಾಗ ಗುಜರಾತಿನ ಕಾಠಿಯಾವಾಡಿ ಉಡುಪು, 1921ರ ಸೆಪ್ಟೆಂಬರಲ್ಲಿ ಮಧುರೆಯಲ್ಲಿ ತುಂಡು ಪಂಚೆ. ಎರಡೂ ಬಿಳಿಯೇ. ಬದಲಾಗಿದ್ದು ಬಟ್ಟೆಯ ಅಳತೆ.

ರಘು: ಇದು ಒಪ್ಪಿದೆ. ಆದ್ರೂ ಮಬ್ಬು ಫ್ರೇಮಲ್ಲಿ ಕಣ್ಣು ಕೆಂಪಿಗೇ ಹೋಗುತ್ತೆ ತಾನೆ?

ಶ್ರೀದೇವಿ: ಹೋಗುತ್ತೆ. ಅಲ್ಲಿಗೆ ಕಣ್ಣು ಯಾಕೆ ಹೋಗಬೇಕು ಅಂತ ನಿರ್ದೇಶಕರನ್ನ ಕೇಳು, ಫಾರ್ವರ್ಡನ್ನಲ್ಲ. ಜೂನಿಯರ್‌ಗಳಿಗೆ ಬಣ್ಣಕ್ಕಿಂತ ಮೊದಲು ಸವೆತ ಕಲಿಸಬೇಕು. ಹತ್ತು ವರ್ಷ ಅದೇ ಮೇಜಿನ ಮುಂದೆ ಕೂತ ಗುಮಾಸ್ತನ ಅಂಗಿ ಎಲ್ಲಿ ಸವೆದಿರುತ್ತೆ? ಬಲಗೈ ಕಫ್ಫಿನ ಅಡಿ, ಮೊಣಕೈ, ಕಾಲರ್ ಮಡಿಕೆ, ಪೆನ್ನಿಡೋ ಜೇಬಿನ ಅಂಚು. ಮೈಯೆಲ್ಲ ಒಂದೇ ಸಮ ಮಾಸಿದ್ರೆ ಅದು ಗುಮಾಸ್ತನ ಅಂಗಿಯಲ್ಲ, ಬಾಡಿಗೆ ಅಂಗಡಿಯದ್ದು.

ನಾಗರಾಜ: ಕ್ರಮ ಬರೀರಿ ಅಕ್ಕ, ಸೇವ್ ಮಾಡ್ಕೊಳ್ತೇನೆ.

ಶ್ರೀದೇವಿ: ಹತ್ತಿ ಅಂಗಿ ಅಂತಿಟ್ಕೊಳ್ಳಿ. ಮೊದಲು ಮೂರು ಸಲ ಬಿಸಿನೀರಲ್ಲಿ ಒಗೆದು ಗಂಜಿ ಬಿಡಿಸಿ, ಇಲ್ಲಾಂದ್ರೆ ಬಣ್ಣ ತೇಪೆ ತೇಪೆಯಾಗಿ ಹಿಡಿಯುತ್ತೆ. 4 ಲೀಟರ್ ನೀರಿಗೆ 40 ಗ್ರಾಂ ಟೀಪುಡಿ ಕುದಿಸಿ, ಬಟ್ಟೆಯಲ್ಲಿ ಸೋಸಿ. ಚರಟ ಉಳಿದ್ರೆ ಚುಕ್ಕೆ ಬೀಳುತ್ತೆ. ಅಂಗಿಯನ್ನ ಒದ್ದೆ ಮಾಡಿಯೇ ಅದ್ದಿ, 15 ನಿಮಿಷ ಕೈಯಾಡಿಸ್ತಾ ಇರಿ. ಒದ್ದೆಯಲ್ಲಿ ಕಾಣೋ ಬಣ್ಣ ನಂಬಬೇಡಿ, ಒಣಗಿದ ಮೇಲೆ ತಿಳಿಯಾಗುತ್ತೆ. ಮೊದಲೇ ತುಂಡು ಬಟ್ಟೆ ಅದ್ದಿ ನೋಡಿ.

ಸುಮಾ: ಹೊಲಿಗೆ ದಾರದ ವಿಷಯ ಹೇಳಿ ಅಕ್ಕ. ಎಲ್ರೂ ಅಲ್ಲೇ ಸಿಕ್ಕಿಬೀಳೋದು.

ಶ್ರೀದೇವಿ: ಹೌದು. ದಾರ ಪಾಲಿಯೆಸ್ಟರ್ ಆದ್ರೆ ಟೀ ಹಿಡಿಯಲ್ಲ. ಬಟ್ಟೆ ಕಂದು, ಹೊಲಿಗೆ ಬೆಳ್ಳಗೆ. ಕ್ಲೋಸಪ್ಪಲ್ಲಿ ಮೊದಲು ಕಾಣೋದೇ ಅದು. ಟೈಲರ್‌ಗೆ ಹತ್ತಿ ದಾರ ಅಂತ ಮುಂಚೆಯೇ ಹೇಳಿಡಿ.
ಆಮೇಲೆ ಕಾಲರ್ ಮಡಿಕೆಗೆ 120 ನಂಬರ್ ಮರಳು ಕಾಗದ, ಒಳಗೆ ಗಟ್ಟಿ ರಟ್ಟಿಟ್ಟು ಮೆಲ್ಲಗೆ. ಒದ್ದೆ ಜೇಬಿಗೆ ಎರಡು ಕಲ್ಲು ಹಾಕಿ ರಾತ್ರಿಯಿಡೀ ನೇತುಹಾಕಿ, ಜೋತುಬೀಳುತ್ತೆ. ಮಳೆ, ರಕ್ತದ ಸೀನ್ ಇದ್ರೆ ಕಡಿಮೆ ಅಂದ್ರೂ ಮೂರು ಅಂಗಿ, ಮೂರನ್ನೂ ಒಂದೇ ಪಾತ್ರೆಯಲ್ಲಿ ಅದ್ದಿ. ಒಂದಾದ ಮೇಲೊಂದು ಅದ್ದಿದ್ರೆ ಟೀ ತೆಳುವಾಗಿ ಮೂರೂ ಬೇರೆ ಬೇರೆ ಆಗುತ್ತೆ, ಕಂಟಿನ್ಯೂಟಿ ಕೆಡುತ್ತೆ, ಶಾಟ್‌ನಿಂದ ಶಾಟ್‌ಗೆ ಅಂಗಿ ಬೇರೆ ಕಾಣುತ್ತೆ.

ರಘು: ಗುಮಾಸ್ತ 1975ರವನಾದ್ರೆ? ಆಗ ಎಲ್ರೂ ಟೆರಿಕಾಟ್ ತಾನೆ?

ಶ್ರೀದೇವಿ: ಒಳ್ಳೇ ಪ್ರಶ್ನೆ. ಟೆರಿಕಾಟ್ ಅಂದ್ರೆ ಪಾಲಿಯೆಸ್ಟರ್-ಹತ್ತಿ ಬೆರಕೆ, ಬರೀ ಹತ್ತಿಯ ಹಾಗೆ ಮಾಸಲ್ಲ, ಟೀಯೂ ಸರಿಯಾಗಿ ಹಿಡಿಯಲ್ಲ. ಕಾಲರಲ್ಲಿ ಜುಂಗು ಏಳುತ್ತೆ, ಪ್ಯಾಂಟಿನ ಕೂರೋ ಜಾಗ ಹೊಳೆಯುತ್ತೆ. ಕಾಲರನ್ನ ಒರಟು ಬ್ರಷ್‌ನಲ್ಲಿ ಉಜ್ಜಿ. ಬೆವರ ಕಲೆಗೆ ಕಂದು ಫ್ಯಾಬ್ರಿಕ್ ಪೇಂಟ್ ತೀರಾ ನೀರು ಮಾಡಿ, ಸ್ಪಂಜಲ್ಲಿ ಕಂಕುಳ ಹತ್ತಿರ ಒತ್ತಿ, ಅಂಚು ಒಣಗೋ ಮೊದಲೇ ಒದ್ದೆ ಬಟ್ಟೆಯಲ್ಲಿ ಹರಡಿ.

ರಘು: ಫಾರ್ವರ್ಡ್ ಡಿಲೀಟ್ ಮಾಡ್ತಿದ್ದೀನಿ. ಅಂಗಿ ಸವೆಸೋ ನಿಮ್ಮ ಮೂರು ಮೆಸೇಜ್ ಪಿನ್ ಮಾಡ್ಲಾ ಅಕ್ಕಾ?

ಶ್ರೀದೇವಿ: ಮಾಡು. ಹತ್ತಿ ದಾರದ ಸಾಲನ್ನ ದಪ್ಪಕ್ಷರದಲ್ಲಿ ಹಾಕು.